ಹಸಿಖಾರದ ತೊಟ್ಟುಗಳು

ನನ್ನ ದಿನಚರಿಯಲ್ಲಿ ಒಂದು ಪುಟವಿದೆ. ಅದನ್ನು ತೆರೆದಾಗಲೆಲ್ಲ ನನಗೆ ಸೀನು ಬರುತ್ತದೆ. ಪುಟದ ನಡುವೆ ಹೆಬ್ಬೆರಳಿನ ಅಗಲದ ಒಂದು ಕಲೆ. ಮೊದಲು ಹಸಿರಾಗಿತ್ತು, ಈಗ ಹಳದಿಗೆ ತಿರುಗಿದೆ. ಕಲೆಯ ಕೆಳಗೆ ಸಿಕ್ಕಿಬಿದ್ದ ಅಂಕಿ ಇಪ್ಪತ್ತೆಂಟೋ ಇಪ್ಪತ್ಮೂರೋ ಈಗ ಗೊತ್ತಾಗುವುದಿಲ್ಲ. ಶಾಯಿ ಹರಡಿಬಿಟ್ಟಿದೆ. ಒಂದು ಅಂಕಿ ಓದಲಾಗದಿದ್ದರೆ ಪ್ರಪಂಚ ಮುಳುಗುವುದಿಲ್ಲ ಎಂದು ನೀವು ಹೇಳಬಹುದು. ನಿಮ್ಮ ಪ್ರಪಂಚ ಮುಳುಗುವುದಿಲ್ಲ, ಸರಿ.

ನಾನು ಎಲ್ಲವನ್ನೂ ಬರೆದಿಡುವವಳು. ನಳಕ್ಕೆ ನೀರು ಬಂದ ದಿನ, ಬಾರದ ದಿನ. ಕರೆಂಟು ಹೋದ ಹೊತ್ತು, ಬಂದ ಹೊತ್ತು. ಎದುರುಮನೆಯ ಬೆಕ್ಕು ಈ ವರ್ಷ ಹಾಕಿದ ಮರಿಗಳು ಒಟ್ಟು ಒಂಬತ್ತು. ಸ್ಟೇಷನ್ ರಸ್ತೆಯ ಒಂದು ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿನ ನಂಬರು ಬರೆದುಕೊಳ್ಳುವುದು ನನ್ನ ಕೆಲಸ. ಹೀಗಾಗಿ ಹಗಲೆಲ್ಲ ಪರರ ಅಂಕಿ, ಸಂಜೆ ನನ್ನ ಅಂಕಿ. ಇಂಥ ಹುಡುಗಿಯನ್ನು ಕಟ್ಟಿಕೊಳ್ಳುವವನು ಪುಣ್ಯವಂತನೆಂದು ಇದುವರೆಗೆ ಯಾರೂ ಹೇಳಿಲ್ಲ. ಅದನ್ನೂ ಬರೆದಿಟ್ಟುಕೊಂಡಿದ್ದೇನೆ.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಲ್ಲಿ ಪ್ರತಿ ರವಿವಾರ ಅವ್ವ ಹಸಿಖಾರ ಕುಟ್ಟುತ್ತಾಳೆ. ಹಸಿಮೆಣಸಿನಕಾಯಿಯನ್ನು ಕಬ್ಬಿಣದ ಹಂಚಿನ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುವ ತನಕ ಹುರಿದು, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಕೊತ್ತಂಬರಿ, ಒಂದು ಹಸಿ ಟೊಮ್ಯಾಟೊ ಸೇರಿಸಿ ಕಲ್ಲಿನ ಕಲಬತ್ತಿನಲ್ಲಿ ಜಜ್ಜುವುದು. ನುಣ್ಣಗೆ ಆಗಕೂಡದು. ಬೀಜ ಬೀಜವಾಗಿ, ನಾರು ನಾರಾಗಿ ಇರಬೇಕು. ಮೇಲೆ ಹಸಿ ಶೇಂಗಾ ಎಣ್ಣೆ. ಬಿಸಿ ಜೋಳದ ರೊಟ್ಟಿಯ ಮೇಲೆ ಇಟ್ಟರೆ ಮೊದಲ ತುತ್ತು ಕಿವಿಯಿಂದ ಹೊರಗೆ ಬಂದ ಹಾಗೆ ಆಗಬೇಕು. ಇದಿಷ್ಟೇ. ಇದರಲ್ಲಿ ಬರೆದಿಡಲಾಗದ್ದು ಏನಿದೆ?

ಎಲ್ಲವೂ. ಹೋದ ಮಳೆಗಾಲದಲ್ಲಿ ಖಾರದ ಅಳತೆಯನ್ನು ಶಾಶ್ವತವಾಗಿ ಬರೆದಿಡಬೇಕೆಂದು ಅವ್ವನ ಎದುರು ವಹಿ ಹಿಡಿದು ಕೂತೆ. ಮೆಣಸಿನಕಾಯಿ ಎಷ್ಟು ಎಂದರೆ, ಬೇಕಾದಷ್ಟು. ಉಪ್ಪು? ಹಿಡಿಸುವಷ್ಟು. ಎಷ್ಟು ಹೊತ್ತು ಹುರಿಯುವುದು? ಹುರಿದಾಗುವ ತನಕ. ಹಾಗಾದರೆ ಕಾಯಿ ಎಣಿಸುತ್ತೇನೆ ಎಂದು ಕೈ ಹಾಕಿದರೆ ಅವ್ವ ಕೈಗೊಂದು ಏಟು ಕೊಟ್ಟಳು.

"ತಿನ್ನೂದನ್ನ ಎಣಸಬ್ಯಾಡ ನಮ್ಮವ್ವಾ. ಬರಕತ್ತ ಹೊಕ್ಕೈತಿ."

ಎಣಿಸಿದರೆ ಆಹಾರದ ಕಸುವು ಹೋಗುತ್ತದೆ ಎಂಬುದು ನಮ್ಮ ಮನೆಯ ನಂಬಿಕೆ. ರೊಟ್ಟಿ ಎಣಿಸಬಾರದು, ಹಪ್ಪಳ ಎಣಿಸಬಾರದು, ಊಟಕ್ಕೆ ಕೂತವರನ್ನಂತೂ ಎಣಿಸಲೇಬಾರದು. ಆದರೆ ತೊಟ್ಟು ಎಣಿಸಬಾರದೆಂದು ಯಾರೂ ಹೇಳಿಲ್ಲವಲ್ಲ? ಅವ್ವ ಕಾಯಿಯ ತೊಟ್ಟು ಮುರಿದು ಮೊರದ ಮೂಲೆಗೆ ಹಾಕುತ್ತಾಳೆ. ಕಸ ಚೆಲ್ಲುವ ಕೆಲಸ ನಾನೇ ವಹಿಸಿಕೊಂಡೆ. ಮಗಳಿಗೆ ಬುದ್ಧಿ ಬಂತೆಂದು ಅವ್ವ ಸಂತೋಷಪಟ್ಟಳು. ನಾನು ಹಿತ್ತಲಲ್ಲಿ ಕೂತು ತೊಟ್ಟೆಣಿಸಿದೆ. ಮೊದಲ ರವಿವಾರ ಇಪ್ಪತ್ತೆರಡು. ಎರಡನೆಯದು ಇಪ್ಪತ್ತೊಂದು. ಮುಂದಿನ ಎರಡೂ ಇಪ್ಪತ್ತೆರಡು. ಎಣಿಸದೆ, ತೂಗದೆ, ಅದರಲ್ಲೂ ರುಚಿ ನೋಡದೆ, ನಾಲ್ಕು ವಾರದಲ್ಲಿ ಒಂದೇ ಕಾಯಿಯ ವ್ಯತ್ಯಾಸ. ನನಗೆ ಅಸೂಯೆಯಾಯಿತು.

ರುಚಿ ನೋಡದೆ ಎಂದೆನಲ್ಲ, ಅದನ್ನು ಹೇಳಬೇಕು. ದೇವರಮನೆಯ ಜಗಲಿಯ ಮೇಲಿನ ದೇವರಿಗೆ ನೈವೇದ್ಯವಾಗುವ ಮುಂಚೆ ನಮ್ಮ ಮನೆಯಲ್ಲಿ ಯಾವುದನ್ನೂ ನಾಲಿಗೆಗೆ ಹಚ್ಚುವಂತಿಲ್ಲ. ಅವ್ವ ಕಲಬತ್ತಿನ ಮೇಲೆ ಬಗ್ಗಿ ಒಮ್ಮೆ ಮೂಗೆಳೆದುಕೊಳ್ಳುತ್ತಿದ್ದಳು. ಉಪ್ಪು ಕಡಿಮೆಯೋ, ಬೆಳ್ಳುಳ್ಳಿ ಹೆಚ್ಚೋ, ಇನ್ನೆರಡು ಕಾಯಿ ಬೇಕೋ, ಎಲ್ಲ ಅದರಲ್ಲೇ ತೀರ್ಮಾನ. ಉಪ್ಪಿಗೆ ವಾಸನೆಯೇ ಇಲ್ಲವೆಂದು ನಾನು ಒಮ್ಮೆ ವಾದಿಸಿದ್ದೆ. ನಿನ್ನ ಮೂಗಿಗಿಲ್ಲ ಎಂದುಬಿಟ್ಟಳು.

ಇನ್ನೊಂದು ಕಟ್ಟಳೆ ಉಣ್ಣುವವರದು. ಹಸಿಖಾರ ತಿನ್ನುವಾಗ ನೀರು ಕೇಳಿದವರು ಸೋತ ಹಾಗೆ. ಇದು ಅಪ್ಪನ ಮನೆಯಲ್ಲೂ ಇತ್ತು, ಅವ್ವನ ತವರು ನಿಡೋಣಿಯಲ್ಲೂ ಇತ್ತು. ಮದುವೆಯಾಗಿ ಎರಡೂ ಕೂಡಿಕೊಂಡು ಇನ್ನಷ್ಟು ಗಟ್ಟಿಯಾದವು. ನನಗೆ ಏಳು ವರ್ಷವಿದ್ದಾಗ ನಿಡೋಣಿಯಲ್ಲಿ, ಅಜ್ಜ, ಮಾಮಾ, ಅವನ ಮಗಳು ಲಕ್ಷ್ಮಿ ಎಲ್ಲರೂ ಕೂತ ಸಾಲಿನಲ್ಲಿ ನಾನು ನೀರು ಕೇಳಿದ್ದೆ. ಕೇಳಿದ್ದೂ ಬಾಯಿಬಿಟ್ಟಲ್ಲ, ತಂಬಿಗೆಯ ಕಡೆ ನೋಡಿದ್ದೆ ಅಷ್ಟೆ. ಮೂರು ವರ್ಷ ನನ್ನನ್ನು ನೀರುಕೋಳಿ ಎಂದು ಕರೆದರು. ಲಕ್ಷ್ಮಿ ನನಗಿಂತ ಒಂದು ವರ್ಷ ಸಣ್ಣವಳು, ಅವಳೂ ಕರೆದಳು. ಅದೇ ರಜೆಯಲ್ಲಿ ಖಾರದ ಕೈಯಿಂದ ಕಣ್ಣುಜ್ಜಿಕೊಂಡು ಬಾವಿಕಟ್ಟೆಯ ಸುತ್ತ ಓಡಿದಾಗಲೂ ಅಜ್ಜ, ನೀರು ಕಣ್ಣಿಗೆ ಹಾಕಿಕೋ, ಬಾಯಿಗಲ್ಲ ಎಂದಿದ್ದ. ಅಷ್ಟರ ಮಟ್ಟಿಗೆ ಕಟ್ಟುನಿಟ್ಟು. ಆಮೇಲೆ ನಾನೂ ಕಲಿತೆ. ಕಣ್ಣು ನೆಟ್ಟಗೆ ಗೋಡೆಯ ಮೇಲಿಡಬೇಕು. ಮೂಗಿನಿಂದ ಉಸಿರು ತೆಗೆದುಕೊಳ್ಳಬೇಕು, ಬಾಯಿಂದ ಬಿಡಬಾರದು. ಹೈಸ್ಕೂಲಿನ ಡ್ರಿಲ್ ಮಾಸ್ತರನಾದ ಅಪ್ಪನಂತೂ ಖಾರ ತಿನ್ನುವಾಗ ಸಾವಧಾನದಲ್ಲಿ ನಿಂತವನ ಹಾಗೆ ಕಾಣುತ್ತಾನೆ. ನಮ್ಮ ಜೊತೆಗಿರುವ ಕಾಕಾ ತನ್ನಣ್ಣನಾದ ಅಪ್ಪನನ್ನು ನೋಡಿ ಇನ್ನೂ ಸೆಟೆದುಕೊಳ್ಳುತ್ತಾನೆ. ಇಬ್ಬರೂ ಬೆವರುತ್ತಾರೆ, ಸೆಕೆ ಎನ್ನುತ್ತಾರೆ. ಜನವರಿಯಲ್ಲೂ.

ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನಿಗೆ ಜ್ವರ ಬಂತು. 'ಅವ್ವನಿಗೆ ಜ್ವರ, ಐದನೆಯ ದಿನಕ್ಕೆ ಇಳಿಯಿತು' ಎಂದು ಬರೆದಿದ್ದೇನೆ. ಎರಡು ರವಿವಾರ ಖಾರವಿಲ್ಲ. ಮೂರನೆಯ ವಾರ ತೊಟ್ಟು ಇಪ್ಪತ್ತೈದು. ಮುಂದೆ ಆ ಕಲೆ ಬಿದ್ದ ಅಂಕಿ, ಇಪ್ಪತ್ತೆಂಟೇ ಇರಬೇಕು. ಆಮೇಲೆ ಮೂವತ್ತೊಂದು, ಮೂವತ್ತನಾಲ್ಕು. ಡಿಸೆಂಬರಿನಲ್ಲಿ ಒಂದು ರವಿವಾರ ನಲವತ್ತೊಂದು. ಕಾಯಿ ಅವೇ. ನನ್ನ ಜೊತೆ ಅಂಗಡಿಯಲ್ಲಿ ಕೆಲಸ ಮಾಡುವ ಶಬಾನಾ ತಿಕೋಟಾದವಳು. ಅವಳ ಮನೆಯವರು ದ್ರಾಕ್ಷಿ ಬೆಳೆಯುತ್ತಾರೆ. ಬದುವಿನಲ್ಲಿ ಹಾಕಿದ ಮೆಣಸಿನಕಾಯಿ ಪ್ರತಿ ಶನಿವಾರ ಅವಳ ಚೀಲದಲ್ಲಿ ನಮ್ಮ ಮನೆಗೆ ಬರುತ್ತದೆ. ಅದೇ ಗಿಡ, ಅದೇ ಕಾಯಿ. ಆದರೆ ಖಾರ ಮಾತ್ರ ತಿನ್ನುವ ಪದಾರ್ಥವಾಗಿ ಉಳಿದಿರಲಿಲ್ಲ.

ನಾನು ಗೊಣಗಿದೆ. ಅವ್ವ ಅಪ್ಪನ ಮುಖ ನೋಡಿದಳು. ಅಪ್ಪನ ಮುಖದಲ್ಲಿ ಏನೂ ಇಲ್ಲ. ಕಾಕಾನ ಮುಖ ನೋಡಿದಳು. ಅಲ್ಲಂತೂ ಎಂದೂ ಏನೂ ಇರುವುದಿಲ್ಲ. ಮುಂದಿನ ವಾರ ಮೂರು ಕಾಯಿ ಹೆಚ್ಚಾದವು. ಅಪ್ಪನನ್ನು ಹೊರಗೆ ಕರೆದು, ಖಾರ ಹೆಚ್ಚಾಗಿದೆ ಎಂದು ಒಂದು ಮಾತು ಹೇಳಬಾರದೇ ಎಂದೆ. ಮೂವತ್ತು ವರ್ಷ ಹೇಳಿಲ್ಲ, ಈಗ ಹೇಳಿದರೆ ಅವಳೇನು ತಿಳಿದುಕೊಂಡಾಳು ಎಂದ. ಹೇಳುವಾಗ ಅವನ ಕಣ್ಣು ಕೆಂಪಾಗಿ ನೀರು ಇಳಿಯುತ್ತಿತ್ತು. ನಾನು ವಹಿ ತೆಗೆದು ಬರೆದುಕೊಂಡೆ: ಅಪ್ಪ, ಎಡಗಣ್ಣು ಎರಡು ಹನಿ, ಬಲಗಣ್ಣು ಒಂದು. ಅಷ್ಟು ತಲೆ ಕೆಟ್ಟಿತ್ತು ನನಗೆ.

ನಡುವೆ ದೃಷ್ಟಿಯ ಪ್ರಕರಣ ಬೇರೆ. ನನ್ನನ್ನು ನೋಡಲು ಒಂದು ಮನೆಯವರು ಬಂದು ಹೋಗಿದ್ದರು. ಎದುರುಮನೆಯ ಕಮಲವ್ವ, ಹುಡುಗಿ ಈ ಸಲ ತುಂಬಿಕೊಂಡಿದ್ದಾಳೆ ಎಂದಳಂತೆ. ಅವ್ವ ಅಂದೇ ಸಂಜೆ ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಬಚ್ಚಲ ಒಲೆಗೆ ಹಾಕಿದಳು. ಇದರ ಶಾಸ್ತ್ರ ನಿಮಗೆ ಗೊತ್ತಿರಬಹುದು: ಬೆಂಕಿಗೆ ಬಿದ್ದ ಮೆಣಸಿನಕಾಯಿಯ ಘಾಟು ಬಂದರೆ ದೃಷ್ಟಿಯಾಗಿಲ್ಲ, ಬರದಿದ್ದರೆ ಭಾರಿ ದೃಷ್ಟಿಯಾಗಿದೆ ಎಂದರ್ಥ. ನಿವಾಳಿಸಿಕೊಂಡವರು ತಿರುಗಿ ನೋಡದೆ ಹೊರಗೆ ಹೋಗಿ ಕಾಲು ತೊಳೆಯಬೇಕು. ನಾನು ಅಂಗಳದ ನಳದ ಹತ್ತಿರ ಕಾಲು ತೊಳೆಯುತ್ತ ಕೆಮ್ಮುತ್ತಿದ್ದೆ. ಅಪ್ಪ ಪತ್ರಿಕೆಯಿಂದ ಮೂಗು ಮುಚ್ಚಿಕೊಂಡು ಓಣಿಗೆ ನಡೆದಿದ್ದ. ಅವ್ವ ಒಳಗಿನಿಂದ ಬಂದು, ಎಷ್ಟು ದೃಷ್ಟಿಯಾಗಿತ್ತು ನೋಡು, ಒಂಚೂರೂ ಘಾಟು ಬರಲಿಲ್ಲ ಎಂದಳು. ತಮಾಷೆ ಎಂದುಕೊಂಡೆವು. ಆದರೆ ಮರುದಿನದಿಂದ ಕಮಲವ್ವನ ಜೊತೆ ಮಾತು ಬಿಟ್ಟಳು. ಮುಂದಿನ ವಾರ ಮತ್ತೆ ನಿವಾಳಿಸಿದಳು. ಮತ್ತೆ ಘಾಟಿಲ್ಲವಂತೆ. ಓಣಿಯ ಕೊನೆಯ ಮನೆಯವರು ಕೆಮ್ಮುತ್ತಿದ್ದರು. ಮೂರನೆಯ ಸಲ ಅಕಾಲಿಕ ಮಳೆ. ಅಂಗಳಕ್ಕೆ ಹೋಗದೆ ಬಚ್ಚಲಲ್ಲೇ ಕಾಲು ತೊಳೆದೆ. ಕೆಮ್ಮಿ ಕೆಮ್ಮಿ ಗೋಡೆ ಹಿಡಿದುಕೊಂಡೆ. ಅವ್ವ ಒಲೆಯ ಮುಂದೆ ಕೂತವಳು ನನ್ನನ್ನೇ ನೋಡಿದಳು. ಆ ಸಲ ಘಾಟಿನ ಮಾತೆತ್ತಲಿಲ್ಲ. ದೃಷ್ಟಿ ತೆಗೆಯುವುದೂ ಅಲ್ಲಿಗೆ ನಿಂತಿತು. ನನ್ನ ವಹಿಯಲ್ಲಿ: 'ದೃಷ್ಟಿ, ಮೂರನೇ ಸಲ. ಕೆಮ್ಮು ಹದಿನೇಳು.' ಕೆಮ್ಮು ಎಣಿಸಿದೆ, ಅವ್ವ ಯಾಕೆ ಕೆಮ್ಮಲಿಲ್ಲ ಎಂದು ಕೇಳಿಕೊಳ್ಳಲಿಲ್ಲ. ಇಂಥ ಜಾಣೆ ನಾನು.

ಕೇಳಿದವಳು ಶಬಾನಾ. ಜನವರಿಯ ಒಂದು ಸೋಮವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಡಬ್ಬಿ ಬಿಚ್ಚಿದೆವು. ನಡುವೆ ಎರಡು ವಾರ ಅವಳು ನನ್ನ ಡಬ್ಬಿಯ ಖಾರ ಮುಟ್ಟಿರಲಿಲ್ಲ, ಬಾಯಲ್ಲಿ ಹುಣ್ಣು ಎಂದಿದ್ದಳು. ಅವತ್ತು ಯಾವಾಗಿನಂತೆ ದೊಡ್ಡ ತುತ್ತು ಮಾಡಿ ಬಾಯಿಗಿಟ್ಟಳು. ಎದ್ದಳು. ನೀರಿನ ಡಬರಿಯ ಹತ್ತಿರ ಹೋಗಿ ಮೂರು ಗ್ಲಾಸು ಕುಡಿದು ಬಂದು ಕೂತಳು. ಅವಳ ಮನೆಯಲ್ಲಿ ನೀರಿಗೆ ಕಟ್ಟಳೆ ಇಲ್ಲ.

"ಸುಮಾ, ಸಿಟ್ಟ ಆಗಬ್ಯಾಡ," ಎಂದಳು. "ನಿಮ್ಮವ್ವಗ ಏನರ ಆಗೈತೇನು? ಮೊದ್ಲ ಇದರಾಗ ಬೆಳ್ಳೊಳ್ಳಿ ಇರ್ತಿತ್ತು, ಜೀರಗಿ ಇರ್ತಿತ್ತು. ಈಗ ಬರೇ ಬೆಂಕಿ ಐತಿ."

ನನಗೆ ಸಿಟ್ಟೇ ಬಂತು. ನಮ್ಮ ಅವ್ವನ ಖಾರ ತಡೆದುಕೊಳ್ಳುವ ಗಟ್ಟಿತನ ಬೇಕು ಎಂದೆ. ಅವಳು ನಕ್ಕು ಮೊಸರು ಕಲಸಿಕೊಂಡಳು.

ಆ ವಾರವೇ ಅಂಗಡಿಗೆ ಒಬ್ಬ ಹಿರಿಯರು ಬಂದರು. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನ ತನಕ ಸರಸರ ಓದಿದರು. ಕಣ್ಣು ಚೆನ್ನಾಗಿದೆಯಲ್ಲ ಎನ್ನುವಷ್ಟರಲ್ಲಿ, ಎದ್ದು ಹೋಗುವಾಗ ಸ್ಟೂಲಿಗೆ ಎಡವಿದರು. ಅವರು ಓದಿರಲಿಲ್ಲ, ತಮಗಿಂತ ಮೊದಲು ಕೂತವನು ಓದಿದ್ದನ್ನು ಕೇಳಿ ನೆನಪಿಟ್ಟುಕೊಂಡಿದ್ದರು. ಇಂಥವರು ತಿಂಗಳಿಗೆ ಇಬ್ಬರಾದರೂ ಬರುತ್ತಾರೆ. ತಮಗೆ ಕಾಣದ್ದನ್ನು ಬೇರೆಯವರ ಬಾಯಿಂದ ತೆಗೆದುಕೊಳ್ಳುತ್ತಾರೆ. ಅವರಿಗೆ ಕುರ್ಚಿ ಕೊಟ್ಟು ಕೂರಿಸುವಾಗ ನನಗೆ ನಮ್ಮ ಊಟದ ಸಾಲು ನೆನಪಾಯಿತು. ಬಡಿಸಿ ನಿಂತ ಅವ್ವ ಮೊದಲು ಅಪ್ಪನ ಮುಖ, ಆಮೇಲೆ ಕಾಕಾನ ಮುಖ ನೋಡುವುದು ನೆನಪಾಯಿತು. ಅವಳು ಉತ್ತರ ಹುಡುಕುತ್ತಿದ್ದಳು. ಒಮ್ಮೆ ಗೊಣಗಿದ್ದ ನಾನೂ ಸೇರಿ ನಾವು ಮೂವರೂ ಗೋಡೆ ನೋಡುತ್ತ, ಉಸಿರು ಬಿಗಿಹಿಡಿದು, ಏನೂ ಆಗಿಲ್ಲವೆಂದು ತೋರಿಸುತ್ತಿದ್ದೆವು. ಏನೂ ಆಗಿಲ್ಲವೆಂದರೆ ಖಾರ ಕಡಿಮೆಯಾಗಿದೆ ಎಂದಲ್ಲವೇ? ಅದಕ್ಕೇ ಮೂರು ಕಾಯಿ ಹೆಚ್ಚು.

ಮನೆಗೆ ಬಂದು ವಹಿ ತಿರುವಿದೆ. ಜ್ವರ ಒಂದು ಪುಟದಲ್ಲಿ, ತೊಟ್ಟು ಒಂದು ಪುಟದಲ್ಲಿ, ದೃಷ್ಟಿ ಒಂದು ಪುಟದಲ್ಲಿ. ಎಲ್ಲ ನನ್ನದೇ ಅಕ್ಷರ. ಐದು ತಿಂಗಳು ಬರೆದಿದ್ದೆ, ಒಂದು ದಿನವೂ ಓದಿರಲಿಲ್ಲ.

ಸುಮ್ಮನಿರಬಹುದಿತ್ತು, ಆದರೆ ಮುಂದಿನ ಗುರುವಾರ ನಿಡೋಣಿಯಲ್ಲಿ ಲಕ್ಷ್ಮಿಯ ಕುಬಸ. ಚೊಚ್ಚಲ ಬಸುರಿಗೆ ತವರಿನವರು ಸೀರೆ ಉಡಿಸಿ ಉಡಿ ತುಂಬಿ ಊಟ ಹಾಕುವ ಕಾರ್ಯ. ಆ ಮನೆಯ ಯಾವ ಕಾರ್ಯವಾದರೂ ಹಸಿಖಾರ ಅವ್ವನದೇ. ಅದಕ್ಕಾಗಿ ಮಾಮಾ ಹಿಂದಿನ ದಿನವೇ ಅವಳನ್ನು ಕರೆಸಿಕೊಳ್ಳುತ್ತಾನೆ. ಏಳು ತಿಂಗಳ ಬಸುರಿಯ ಎಲೆಗೆ ನಲವತ್ತೊಂದು ಕಾಯಿಯ ಖಾರ ಬೀಳುವುದನ್ನು ನೆನೆದು ನನಗೆ ಕೂತಲ್ಲಿ ಕೂರಲಾಗಲಿಲ್ಲ.

ರವಿವಾರ ಅವ್ವ ಖಾರ ಕುಟ್ಟುತ್ತಿರುವಾಗ ವಹಿ ಹಿಡಿದು ಎದುರಿಗೆ ಕೂತೆ. ಇಪ್ಪತ್ತೆರಡರಿಂದ ಓದಲು ಶುರು ಮಾಡಿದೆ. ತೊಟ್ಟೆಣಿಸಿದ್ದು ತಿಳಿದದ್ದೇ ತಡ, ಅವ್ವ ಖಾರದ ಕೈಯಲ್ಲೇ ವಹಿಯನ್ನು ಕಸಿದುಕೊಳ್ಳಲು ಬಂದಳು. ಆ ಕಲೆ ಬಿದ್ದದ್ದು ಆವಾಗಲೇ. ನಾನು ಬಿಡಲಿಲ್ಲ. ಐದು ತಿಂಗಳ ತಾಳ್ಮೆ ಒಮ್ಮೆಲೇ ಕಿತ್ತುಹೋಯಿತು.

"ನಿನಗ ವಾಸನಿ ಬರೂದಿಲ್ಲ, ಹೌದಿಲ್ಲೋ ಹೇಳ ಬೇ," ಎಂದೆ.

ಅವ್ವ ಕೈ ತೆಗೆದಳು. ಸೆರಗಿನಿಂದ ಕಲಬತ್ತಿನ ಅಂಚು ಒರೆಸಿದಳು. ಒರೆಸುವಂಥದ್ದೇನೂ ಅಲ್ಲಿರಲಿಲ್ಲ.

"ಜ್ವರ ಬಂದ ಹೋದಾಗಿಂದ ಇಲ್ಲ," ಎಂದಳು. "ವಾಸನಿ ಇಲ್ಲ, ಖಾರ ಇಲ್ಲ. ಏನ ತಿಂದ್ರೂ ಒದ್ದಿ ಕಾಗದ ತಿಂದಂಗ ಆಕ್ಕೈತಿ. ಎರಡ ಸಲ ದೃಷ್ಟಿನ ಅಂತ ತಿಳ್ಕೊಂಡೆ. ಮೂರನೇ ಸಲ ನೀ ಕೆಮ್ಮೂದ ನೋಡಿದೆ, ಆವಾಗ ತಿಳೀತು."

ಡಾಕ್ಟರ ಹತ್ತಿರ ಒಬ್ಬಳೇ ಹೋಗಿ ಬಂದಿದ್ದಳಂತೆ. ಕೆಲವರಿಗೆ ಜ್ವರದ ನಂತರ ಹೀಗಾಗುತ್ತದೆ, ನಿಧಾನವಾಗಿ ಬಂದರೂ ಬಂದೀತು ಎಂದಿದ್ದಾರಂತೆ. ಮನೆಯಲ್ಲಿ ಹೇಳಬಾರದಿತ್ತೇ ಎಂದು ರೇಗಿದೆ. ಇಷ್ಟು ದಿನ ನಮ್ಮ ಹೊಟ್ಟೆಯನ್ನು ಸುಟ್ಟಳೆಂಬ ಸಿಟ್ಟು, ಒಬ್ಬಳೇ ಡಾಕ್ಟರ ಹತ್ತಿರ ಹೋದಳೆಂಬ ಸಿಟ್ಟು, ಎರಡೂ ಕೂಡಿಕೊಂಡು ಯಾವುದು ಯಾವುದೆಂದು ತಿಳಿಯದಾಗಿತ್ತು.

"ಹೇಳಿದ್ರ ಮೊದ್ಲ ಕಲಬತ್ತ ಕಸ್ಕೋತೀರಿ. ನಿಡೋಣ್ಯಾಗ ಈಗ ಅಣ್ಣನ ಹೆಂಡ್ತಿ ಮನಿ ಅದು, ನನ್ನ ಮನಿ ಅಲ್ಲ. ಅಲ್ಲಿ ನಂದು ಅಂತ ಉಳದದ್ದು ಇದೊಂದ. ಪಾಪ ಅಂತ ಮೂಲ್ಯಾಗ ಕುಂಡ್ರಿಸಿ ಊಟಕ್ಕ ನೀಡಿದ್ರ, ನಾ ಅಲ್ಲಿಗಿ ಹೋಗೂದ್ಯಾಕ?"

ನನ್ನ ಹತ್ತಿರ ಇಪ್ಪತ್ತೆರಡು ಎಂಬ ಅಂಕಿ ಇತ್ತು. ಇಪ್ಪತ್ತೆರಡಕ್ಕೆ ಒಂದೂ ಹೆಚ್ಚು ಹಾಕುವುದು ಬೇಡ, ಯಾರಿಗೂ ಏನೂ ತಿಳಿಯುವುದಿಲ್ಲ, ಅಡುಗೆಮನೆಯಲ್ಲಿ ನಾನು ನಿನ್ನ ಪಕ್ಕದಲ್ಲೇ ಇರುತ್ತೇನೆ ಎಂದೆ. ಅವ್ವ ಒಪ್ಪಿದಳು. ಅಪ್ಪನಿಗೆ ಹೇಳುವುದಿಲ್ಲ ಎಂದು ಮಾತು ತೆಗೆದುಕೊಂಡಳು. ಕುಟ್ಟಿದ್ದನ್ನು ತೆಗೆದಿಟ್ಟು, ಆ ದಿನದ ಖಾರವನ್ನು ನಾನೇ ಹೊಸದಾಗಿ ಅಳತೆ ಹಾಕಿ ಮಾಡಿದೆ. ಅಪ್ಪ ಎರಡು ತುತ್ತು ತಿಂದು, ಗೋಡೆಯಿಂದ ಕಣ್ಣು ತೆಗೆದು, ಎಲೆಯ ಕಡೆ ಒಮ್ಮೆ ನೋಡಿದ.

ಬುಧವಾರ ನಾನು, ಅವ್ವ ಬಸ್ಸಿನಲ್ಲಿ ನಿಡೋಣಿಗೆ ಹೊರಟೆವು. ಅಪ್ಪ, ಕಾಕಾ ಮರುದಿನ ಬರುವವರು. ಮಾಮಾನ ಹೆಂಡತಿ, ನನ್ನ ಅತ್ತೆಯ ಮಿಕ್ಸರಿನ ಮೇಲೆ ಅವ್ವನಿಗೆ ನಂಬಿಕೆಯಿಲ್ಲ, ಅವರ ಮನೆಯ ಒರಳು ದೊಡ್ಡದು, ಹೀಗೆಂದು ಏಳು ಕಿಲೋದ ನಮ್ಮ ಕಲಬತ್ತನ್ನು ಹತ್ತಿಯ ಚೀಲದಲ್ಲಿ ಹಾಕಿ ನನ್ನ ತೊಡೆಯ ಮೇಲಿಟ್ಟಳು. ಕುಟ್ಟುವ ಗುಂಡು ಬೇರೆ, ಅದು ಅವಳ ತೊಡೆಯ ಮೇಲೆ, ಸೀರೆಯೊಳಗೆ ಸುತ್ತಿದ್ದು. ಬಬಲೇಶ್ವರದ ತನಕ ನನಗೆ ಕಾಲು ಇದ್ದವು. ಅಲ್ಲಿ ಜನ ಹತ್ತಿದರು. ಕಂಡಕ್ಟರು ಚೀಲ ಕೆಳಗಿಡಿ ಎಂದ. ದೇವರ ನೈವೇದ್ಯದ ಕಲ್ಲು, ಕಾಲಿನ ಹತ್ತಿರ ಇಡುವಂತಿಲ್ಲ ಎಂದು ಅವ್ವ. ಕೈಯಲ್ಲಿ ಕೊಡಿ, ಮೇಲಿಡುತ್ತೇನೆ ಎಂದು ಒಬ್ಬ ಹುಮ್ಮಸ್ಸಿನಿಂದ ಎತ್ತಿದವನು ಮರುಕ್ಷಣ ನನ್ನ ತೊಡೆಯ ಮೇಲೇ ಇಳಿಸಿದ, ಮೊದಲಿಗಿಂತ ಜೋರಾಗಿ. ಬಬಲೇಶ್ವರದಿಂದ ನಿಡೋಣಿಗೆ ಎಷ್ಟು ಹೊತ್ತು ಹಿಡಿಯಿತೆಂದು ನಾನು ಬರೆದುಕೊಳ್ಳದೆ ಇದ್ದದ್ದು ಆ ವರ್ಷದಲ್ಲಿ ಅದೊಂದೇ ದಿನ.

ಗುರುವಾರ ಬೆಳಿಗ್ಗೆ ಮಾಮಾ ತನ್ನ ಹೊಲದ ಮೆಣಸಿನಕಾಯಿ ತಂದು ಸುರಿದ. ನೋಡಿದೆ. ತಿಕೋಟಾದವು ಬೆರಳುದ್ದ, ತೆಳು ಹಸಿರು. ಇವು ಅದರ ಅರ್ಧ, ಗಿಡ್ಡ, ಕಪ್ಪಾಗುವಷ್ಟು ಹಸಿರು. ಇಪ್ಪತ್ತೆರಡು ಯಾವುದರ ಇಪ್ಪತ್ತೆರಡು? ಅದಲ್ಲದೆ ಊಟಕ್ಕೆ ನೂರು ಮಂದಿ. ನಾನು ವಹಿ ತೆಗೆದು, ಇಲ್ಲಿನ ಒಂದು ಕಾಯಿ ತಿಕೋಟಾದ ಕಾಯಿಯ ಎಷ್ಟು ಪಾಲು, ನಮ್ಮ ಮನೆಯ ನಾಲ್ವರಿಗೆ ಇಪ್ಪತ್ತೆರಡಾದರೆ ನೂರಕ್ಕೆ ಎಷ್ಟು ಎಂದು ಗುಣಿಸುತ್ತ ಕೂತೆ. ಎರಡು ಸಲ ಎರಡು ಉತ್ತರ ಬಂತು. ಅವ್ವ ಅಷ್ಟರಲ್ಲಿ ಒಂದು ಘಾಣ, ಕಲಬತ್ತಿಗೆ ಒಮ್ಮೆ ಹಿಡಿಸುವಷ್ಟು, ಹುರಿದು ಕುಟ್ಟಿಯಾಗಿತ್ತು. ಕಲಬತ್ತನ್ನು ನನ್ನ ಮುಂದೆ ಸರಿಸಿದಳು.

"ವಹಿ ಬಿಡು. ಮೂಗ ಏನ ಹೇಳತೈತಿ ಅದನ್ನ ಹೇಳು."

ಬಗ್ಗಿದೆ. ಮೂಗೆಳೆದುಕೊಂಡೆ. ಸೀನಿದೆ. ನೈವೇದ್ಯದ ಪದಾರ್ಥದ ಮೇಲೆ ಸೀನಿದ್ದಕ್ಕೆ ಬೈಸಿಕೊಂಡೆ. ಮುಖ ಪಕ್ಕಕ್ಕೆ ತಿರುಗಿಸಿದ್ದೆ ಎಂದು ವಾದಿಸಿದೆ. ಮತ್ತೆ ಬಗ್ಗಿದೆ. ಇಪ್ಪತ್ತನಾಲ್ಕು ವರ್ಷ ಈ ಖಾರ ತಿಂದಿದ್ದೇನೆ, ಆದರೆ ಒಮ್ಮೆಯೂ ಅದರ ವಾಸನೆ ನೋಡಿರಲಿಲ್ಲ. ಮೊದಲು ಮೂಗು ಸುಟ್ಟಿತು. ಅದರ ಹಿಂದೆ ಸುಟ್ಟ ಸಿಪ್ಪೆ. ಅದರ ಹಿಂದೆ, ಬಹಳ ಹಿಂದೆ, ಬೆಳ್ಳುಳ್ಳಿ. ಬೆಳ್ಳುಳ್ಳಿ ಇಷ್ಟು ದೂರ ಇರಬಾರದು ಎಂದೆ. ಅವ್ವ ಒಂದು ಹಿಡಿ ಬೆಳ್ಳುಳ್ಳಿ ಹಾಕಿ ಕುಟ್ಟಿದಳು. ಈಗ? ಹತ್ತಿರ ಬಂತು. ಜೀರಿಗೆ? ಇಲ್ಲ. ಹಾಕಿದಳು. ಟೊಮ್ಯಾಟೊ ಇನ್ನೊಂದು. ಹೀಗೆ ಒಂಬತ್ತು ಘಾಣ. ಅತ್ತೆ ಎರಡು ಸಲ ಬಾಗಿಲಲ್ಲಿ ಇಣುಕಿ, ಮಗಳಿಗೆ ಕಲಿಸುತ್ತಿದ್ದೀರಾ ಎಂದಳು. ಹೌದು ಎಂದಳು ಅವ್ವ.

ಆರತಿಯಾಯಿತು, ಉಡಿ ತುಂಬಿದರು, ಊರವರ ಪಂಕ್ತಿಗಳು ಎದ್ದವು. ಬಂದವರು ಖಾರದ ಬಗ್ಗೆ ಒಳ್ಳೆಯ ಮಾತೇ ಆಡಿದರು. ಆದರೆ ಕಾರ್ಯದ ಮನೆಯಲ್ಲಿ ಯಾರು ಕೆಟ್ಟ ಮಾತಾಡುತ್ತಾರೆ? ಕೊನೆಗೆ ಮನೆಯವರೇ ಕೂತೆವು: ಮಾಮಾ, ಅಪ್ಪ, ಕಾಕಾ, ಅತ್ತೆ, ನಾನು. ಲಕ್ಷ್ಮಿಯೂ ಬಂದು ಕೂತಳು. ಬಂದವರೆಲ್ಲ ಒಂದೊಂದು ತುತ್ತು ಸಿಹಿ ತುರುಕಿ ಹೋಗಿದ್ದರು. ಹೋಳಿಗೆ ಹೆಸರೆತ್ತಿದರೆ ಅಳುವ ಸ್ಥಿತಿ. ರೊಟ್ಟಿ, ಖಾರ ಬೇಕೆಂದಳು.

ಅವ್ವ ಬಡಿಸಿ ನಿಂತಳು. ಮಾಮಾ ತಿಂದ, ಗೋಡೆ ನೋಡಿದ. ಅಪ್ಪ ತಿಂದ, ಗೋಡೆ ನೋಡಿದ. ಕಾಕಾ ಅಪ್ಪನನ್ನು ನೋಡಿ ಗೋಡೆ ನೋಡಿದ. ಅವ್ವನ ಕಣ್ಣು ಸಾಲಿನುದ್ದಕ್ಕೂ ಹೋಗಿ ವಾಪಸು ಬಂತು, ನನ್ನ ಮೇಲೆ ನಿಂತಿತು. ನಾನು ಬಾಯಿಗಿಟ್ಟೆ. ಬೆಳ್ಳುಳ್ಳಿ ಇತ್ತು, ಜೀರಿಗೆ ಇತ್ತು. ಖಾರವೂ ಇತ್ತು, ನಾನಂದುಕೊಂಡದ್ದಕ್ಕಿಂತ ಎರಡು ಮೆಟ್ಟಿಲು ಮೇಲೆ. ಹೇಳಬೇಕು ಎಂದುಕೊಂಡೆ. ನನ್ನ ಕಣ್ಣು ತಾನಾಗಿ ಗೋಡೆಗೆ ಹೋಯಿತು. ಇಷ್ಟು ದಿನ ಇವರನ್ನೆಲ್ಲ ಮನಸ್ಸಿನಲ್ಲೇ ಬೈದವಳು ನಾನು.

ಅವ್ವ ಖಾರದ ಬೋಗುಣಿಯನ್ನು ಕೆಳಗಿಟ್ಟಳು.

"ಎಲ್ಲಾರೂ ಗ್ವಾಡಿ ನೋಡಬ್ಯಾಡ್ರಿ," ಎಂದಳು. "ನನಗ ವಾಸನಿ, ರುಚಿ ಹೋಗಿ ನಾಕ ತಿಂಗಳಾತು. ಇದನ್ನ ಇಕಿ ಮೂಗಲೆ ಮಾಡೇನಿ. ಹೆಂಗ ಆಗೈತಿ, ಖರೇ ಹೇಳ್ರಿ."

ಅಪ್ಪ ಅವ್ವನನ್ನು ನೋಡಿದ. ಅತ್ತೆಗೆ ಮೊದಲು ಮಾತು ಬಂತು. ಬಿಸಿನೀರಿನ ಹಬೆ, ಅಜವಾನ, ಹಸುವಿನ ತುಪ್ಪ ಮೂಗಿಗೆ ಎರಡು ಹನಿ. ಮಾಮಾ, ಬಬಲೇಶ್ವರದಲ್ಲಿ ಒಬ್ಬರು ಬೇರು ಕೊಡುತ್ತಾರೆ ಎಂದ. ಕಾಕಾ, ಕರ್ಪೂರ ಎಂದ. ಅತ್ತೆ ಮತ್ತೆ, ಈರುಳ್ಳಿ ಸುಟ್ಟು ಎಂದಳು. ಹನ್ನೊಂದು ಔಷಧಿಗಳಾದವು. ಖಾರ ಹೇಗಾಗಿದೆ ಎಂದು ಕೇಳಿದ್ದಕ್ಕೆ ಮಾತ್ರ ಯಾರೂ ಬರಲಿಲ್ಲ. ಅವ್ವ ಹೆದರಿದ್ದು ಇದಕ್ಕೇ; ಅವರು ಅವಳನ್ನು ಆಗಲೇ ಮೂಲೆಯಲ್ಲಿ ಕೂರಿಸತೊಡಗಿದ್ದರು. ನನಗೆ ಎಲೆ ಎತ್ತಿ ಎಸೆಯುವಷ್ಟು ಸಿಟ್ಟು ಬಂದಿತ್ತು.

"ಅತ್ತಿ," ಎಂದಳು ಲಕ್ಷ್ಮಿ ಅವ್ವನಿಗೆ. ಅವಳ ಮೂಗು ಕೆಂಪಾಗಿತ್ತು, ಹೊಸ ಸೀರೆಯ ಸೆರಗಿನಿಂದಲೇ ಒರೆಸಿಕೊಂಡಳು. "ಖಾರ ಭಾಳ ಆಗೈತಿ. ಬೆಳ್ಳೊಳ್ಳಿ ಹದ ಐತಿ. ಮೊದ್ಲ ನೀರ ಕೊಡ್ರಿ, ಆಮ್ಯಾಲ ಇನ್ನೊಂದ ರೊಟ್ಟಿ ಹಾಕ್ರಿ."

ಬಸುರಿಯನ್ನು ನೀರುಕೋಳಿ ಎನ್ನುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವ್ವ ತಾನೇ ಒಳಗೆ ಹೋಗಿ ತಂಬಿಗೆ ತಂದು ಅವಳಿಗೆ ನೀರು ಕೊಟ್ಟಳು. ಎಷ್ಟು ಕಾಯಿ ಹೆಚ್ಚಾಗಿರಬಹುದು ಎಂದು ಕೇಳಿದಳು. ಘಾಣಕ್ಕೆ ನಾಲ್ಕು ಎಂದಳು ಲಕ್ಷ್ಮಿ, ನೀರು ಕುಡಿಯುತ್ತಲೇ. ಅಷ್ಟಲ್ಲ, ಮೂರು ಎಂದೆ ನಾನು, ಗೋಡೆಯಿಂದ ಕಣ್ಣು ತೆಗೆದು. ಅರ್ಧ ಗ್ಲಾಸು ನನಗೂ ಕೇಳಿದೆ. ಉಪ್ಪು ಒಂದು ಚಿಟಿಕೆ ಕಡಿಮೆ ಎಂದು ಮಾಮಾ ಗಂಟಲು ಸರಿಪಡಿಸಿಕೊಂಡು ಹೇಳಿದ. ತನ್ನ ಲೋಟವನ್ನೂ ಮುಂದೆ ಸರಿಸಿದ. ಕಾಕಾ ಎರಡು ಸಲ ಸರಿಸಿದ. ಒಬ್ಬೊಬ್ಬರು ಹೇಳುವುದನ್ನೂ ಅವ್ವ ಬಗ್ಗಿ ಕೇಳಿಕೊಳ್ಳುತ್ತಿದ್ದಳು, ಕಲಬತ್ತಿನ ಮೇಲೆ ಬಗ್ಗುತ್ತಿದ್ದ ಹಾಗೆಯೇ.

ಅಪ್ಪನ ಎದುರಿಗೆ ಬಂದು ನಿಂತಳು. ಅಪ್ಪನ ಕೆನ್ನೆಯ ಮೇಲೆ ಎರಡೂ ಕಡೆ ನೀರು ಇಳಿದು ಮೀಸೆಯಲ್ಲಿ ಸೇರುತ್ತಿತ್ತು.

"ನನಗ ಬ್ಯಾಡ," ಎಂದ.

ಅವ್ವ ಅವನ ಲೋಟ ತೆಗೆದುಕೊಂಡು ಅಂಚಿನ ತನಕ ತುಂಬಿಸಿ, ಕೈಗೆ ಕೊಟ್ಟು, ಅವನು ಕುಡಿದು ಮುಗಿಸುವ ತನಕ ಅಲ್ಲೇ ನಿಂತಿದ್ದಳು.